ಡಿಎಸ್‌ಸಿಯಲ್ಲಿ ಶಾಖದ ಲೆಕ್ಕ ಸರಿ ಮಾಡಿಕೊಳ್ಳುವುದು ಹೇಗೆ?

ಡಿಎಸ್‌ಸಿ (ಡಿಫರೆನ್ಷಿಯಲ್ ಸ್ಕ್ಯಾನಿಂಗ್ ಕ್ಯಾಲೊರಿಮೀಟರ್) ಅಂದರೆ ಸ್ಯಾಂಪಲ್ ಬಿಸಿ ಮಾಡುತ್ತಾ ಅದು ಎಷ್ಟು ಶಾಖ ಹೀರಿತು, ಎಷ್ಟು ಬಿಟ್ಟಿತು ಅಂತ ತೋರಿಸುವ ಮಷಿನ್. ಅದರಲ್ಲಿ ಇಂಡಿಯಮ್ ಅನ್ನುವ ಲೋಹ ಹಾಕಿದಾಗ ಕರಗುವ ಬಿಂದು 156.6 ಡಿಗ್ರಿ ತೋರಿಸಿದರೆ ಕ್ಯಾಲಿಬ್ರೇಶನ್, ಅಂದರೆ ತಾಳೆ ನೋಡಿ ಸರಿಪಡಿಸುವ ಕೆಲಸ, ಮುಗಿಯಿತು ಅಂದುಕೊಳ್ಳುವವರು ಬಹಳ ಜನ. ಪ್ರಾಜೆಕ್ಟ್ ಮಾಡುವ ಹುಡುಗರು ಬಂದು, "ಸರ್, 156.6 ಬಂತು. ಸ್ಯಾಂಪಲ್ ಹಾಕ್ಲಾ?" ಅಂತ ಕೇಳುತ್ತಾರೆ. "ಏರಿಯಾ ಎಷ್ಟು ಬಂತಪ್ಪಾ?" ಅಂದರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ಗ್ರಾಫಿನ ಅಡ್ಡ ಗೆರೆಯಲ್ಲಿರುವುದು ಉಷ್ಣತೆ, ನಿಂತ ಗೆರೆಯಲ್ಲಿರುವುದು ಶಾಖದ ಹರಿವು. ಲೋಹ ಕರಗುವಾಗ ಗ್ರಾಫಿನಲ್ಲಿ ಕಾಣುವ ಗುಡ್ಡದಂಥ ಗುರುತೇ ಪೀಕ್, ಅದರ ಏರಿಯಾದಿಂದ ಸಿಗುವುದೇ ಕರಗಲು ಹೀರಿದ ಶಾಖ. ಒಂದು ಸರಿ ಇದೆ ಅಂದ ಮಾತ್ರಕ್ಕೆ ಇನ್ನೊಂದೂ ಸರಿ ಇರುತ್ತದೆ ಅಂತೇನಿಲ್ಲ. ಕರಗುವ ಬಿಂದು ಕರಾರುವಾಕ್ಕಾಗಿ ತೋರಿಸುವ ಮಷಿನ್ ಶಾಖವನ್ನು ನಾಲ್ಕೈದು ಪರ್ಸೆಂಟ್ ಕಡಿಮೆ ತೋರಿಸುತ್ತಿರಬಹುದು. ಗ್ರಾಂಗೆ ಇಷ್ಟು ಜೂಲ್ ಅಂತ ಬರುವ ಆ ಎರಡನೆಯ ಸಂಖ್ಯೆಯನ್ನು ನಂಬಿಕೆಗೆ ತರುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ. ನಾನು ಕಂಡಂತೆ ಈ ಸಂಖ್ಯೆ ಮಷಿನ್‌ನಿಂದ ಕೆಡುವುದು ಕಡಿಮೆ. ತಕ್ಕಡಿಯಿಂದ, ಪ್ಯಾನ್‌ನಿಂದ (ಸ್ಯಾಂಪಲ್ ಇಡುವ ಪುಟ್ಟ ಲೋಹದ ತಟ್ಟೆ), ಬೇಸ್‌ಲೈನ್ (ಪೀಕಿನ ಬುಡದ ಗೆರೆ) ಎಳೆಯುವವರ ಕೈಯಿಂದ ಕೆಡುವುದೇ ಜಾಸ್ತಿ.

ಮಷಿನ್ ನಿಜವಾಗಿ ಅಳೆಯುವುದು ಏನನ್ನು

ನಮ್ಮ ಕಡೆಯ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಹೀಟ್ ಫ್ಲಕ್ಸ್ ಮಾದರಿಯ ಡಿಎಸ್‌ಸಿ. ಒಂದೇ ಫರ್ನೇಸ್, ಒಳಗೆ ಎರಡು ಪುಟ್ಟ ಕಟ್ಟೆ. ಒಂದರ ಮೇಲೆ ಸ್ಯಾಂಪಲ್ ಪ್ಯಾನ್, ಇನ್ನೊಂದರ ಮೇಲೆ ಖಾಲಿ ರೆಫರೆನ್ಸ್ ಪ್ಯಾನ್. ಎರಡರ ನಡುವಿನ ಉಷ್ಣತೆಯ ವ್ಯತ್ಯಾಸವನ್ನು ಥರ್ಮೋಕಪಲ್ ಮೈಕ್ರೊವೋಲ್ಟ್ ಲೆಕ್ಕದಲ್ಲಿ ಕೊಡುತ್ತದೆ. ಅಂದರೆ ಮಷಿನ್ ಶಾಖವನ್ನು ನೇರವಾಗಿ ಅಳೆಯುವುದೇ ಇಲ್ಲ. ಮೈಕ್ರೊವೋಲ್ಟನ್ನು ಮಿಲಿವ್ಯಾಟ್ ಮಾಡಲು ಅದಕ್ಕೊಂದು ಗುಣಕ ಬೇಕು. ಅದನ್ನೇ ಲ್ಯಾಬಿನಲ್ಲಿ ಸೆಲ್ ಕಾನ್‌ಸ್ಟಂಟ್ ಅನ್ನುತ್ತೇವೆ.

1960ರ ದಶಕದ ಶುರುವಿನಲ್ಲಿ ವಾಟ್ಸನ್ ಮತ್ತು ಓನೀಲ್ ರೂಪಿಸಿದ ಪವರ್ ಕಾಂಪೆನ್ಸೇಶನ್ ಮಾದರಿ ಬೇರೆ ಥರ. ಅದರಲ್ಲಿ ಎರಡು ಪ್ರತ್ಯೇಕ ಸಣ್ಣ ಫರ್ನೇಸ್‌ಗಳಿರುತ್ತವೆ. ಎರಡನ್ನೂ ಒಂದೇ ಉಷ್ಣತೆಯಲ್ಲಿಡಲು ಎಷ್ಟು ಕರೆಂಟ್ ಹೆಚ್ಚುಕಡಿಮೆ ಕೊಡಬೇಕಾಯಿತು ಅನ್ನುವುದೇ ಅಲ್ಲಿನ ಅಳತೆ. ಅಲ್ಲೂ ತಾಳೆ ನೋಡುವುದು ತಪ್ಪುವುದಿಲ್ಲ.

ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳ ತೂಗುವ ಕಾಟಾ ಮೇಲೆ ಅನುಮಾನ ಬಂದರೆ ಗೊತ್ತಿರುವ ತೂಕದ ಕಲ್ಲು ಇಟ್ಟು ನೋಡುತ್ತಾರಲ್ಲ, ಇಂಡಿಯಮ್ ಮಾಡುವ ಕೆಲಸವೂ ಅದೇ. ಒಂದು ಗ್ರಾಂ ಇಂಡಿಯಮ್ ಕರಗಲು ಎಷ್ಟು ಶಾಖ ಬೇಕು ಅನ್ನುವುದು ಮೊದಲೇ ಗೊತ್ತು. ಮಷಿನ್ ಎಷ್ಟು ಹೇಳುತ್ತದೆ ನೋಡಬೇಕು, ಅಷ್ಟೇ.

ಯಾವ ಲೋಹ, ಎಷ್ಟು ಶಾಖ

ಇಂಡಿಯಮ್ ಕರಗುವುದು 156.5985 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಗ್ರಾಂಗೆ 28.62 ಜೂಲ್. ತವರ 231.93 ಡಿಗ್ರಿಯಲ್ಲಿ, ಸುಮಾರು 60.4 ಜೂಲ್. ಸತು 419.53 ಡಿಗ್ರಿಯಲ್ಲಿ, ಸುಮಾರು 108 ಜೂಲ್. ಕೆಳಗಿನ ಕಡೆಗೆ ನೀರಿನ ಮಂಜುಗಡ್ಡೆ ಇದೆ: 0 ಡಿಗ್ರಿ, ಸುಮಾರು 333.5 ಜೂಲ್.

ಇಂಡಿಯಮ್ಮಿಗೆ ಪುಸ್ತಕಗಳಲ್ಲಿ, ಸಾಫ್ಟ್‌ವೇರ್‌ಗಳಲ್ಲಿ 28.45, 28.51, 28.71 ಅಂತಲೂ ಕಾಣುತ್ತದೆ. ಗಾಬರಿ ಬೇಡ. ನಿಮ್ಮ ಇಂಡಿಯಮ್ ಜೊತೆ ಬಂದ ಸರ್ಟಿಫಿಕೇಟಿನಲ್ಲಿ ಏನಿದೆಯೋ ಅದನ್ನೇ ಹಾಕಿ. ಆದರೆ ಸಾಫ್ಟ್‌ವೇರ್ ಒಳಗೆ ಯಾವ ಸಂಖ್ಯೆ ಕೂತಿದೆ ಅಂತ ಒಮ್ಮೆ ತೆರೆದು ನೋಡಿ. 28.45 ಇರುವ ಮಷಿನ್‌ಗೂ 28.71 ಇರುವ ಮಷಿನ್‌ಗೂ ಸುಮ್ನೆ ಕೂತಲ್ಲೇ ಹತ್ತಿರ ಹತ್ತಿರ 1 ಪರ್ಸೆಂಟ್ ವ್ಯತ್ಯಾಸ ಬಂದುಬಿಡುತ್ತದೆ.

ನೀರಿನ ಕುದಿಯುವ ಬಿಂದುವಿನಿಂದ ಯಾಕೆ ತಾಳೆ ನೋಡಬಾರದು ಅಂತ ಕೆಲವರು ಕೇಳುತ್ತಾರೆ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಚಿತ್ರದುರ್ಗ ಇನ್ನೂ ಸ್ವಲ್ಪ ಮೇಲೆ. ಇಲ್ಲಿ ನೀರು ಕುದಿಯುವುದೇ 98 ಡಿಗ್ರಿ ಆಸುಪಾಸಿನಲ್ಲಿ. ಕುದಿಯುವುದು ಗಾಳಿಯ ಒತ್ತಡ ನೋಡಿಕೊಂಡು ನಡೆಯುವ ಕೆಲಸ. ಕರಗುವುದಕ್ಕೆ ಆ ಹಂಗು ಬಹಳ ಕಡಿಮೆ. ಇಂಡಿಯಮ್ ಮೇಲೆ ಒಂದು ಇಡೀ ವಾತಾವರಣದಷ್ಟು ಒತ್ತಡ ಹೆಚ್ಚಾದರೂ ಕರಗುವ ಬಿಂದು ಸರಿಯುವುದು 0.005 ಡಿಗ್ರಿ ಮಾತ್ರ. ಹಾಗಾಗಿ ಬೆಂಗಳೂರು, ಮಂಗಳೂರು, ದುರ್ಗ ಎಲ್ಲ ಕಡೆ ಒಂದೇ ಸಂಖ್ಯೆ ನಡೆಯುತ್ತದೆ.

ಮಷಿನ್ ಶುರು ಮಾಡುವ ಮುಂಚೆ

ಏಪ್ರಿಲ್ ಬಿಸಿಲಲ್ಲಿ ಬೆಳಗ್ಗೆ ಬಾಗಿಲು ತೆಗೆದು, ಎಸಿ ಹಾಕಿ, ಹತ್ತು ನಿಮಿಷಕ್ಕೆ ರನ್ ಕೊಟ್ಟರೆ ಬೇಸ್‌ಲೈನ್ ಅಲೆದಾಡುತ್ತದೆ. ಮಷಿನ್ ಆನ್ ಮಾಡಿ, ಗ್ಯಾಸ್ ಬಿಟ್ಟು, ಕನಿಷ್ಠ ಒಂದು ಗಂಟೆ ಬಿಡಿ. ನಡುವೆ ಕರೆಂಟ್ ಹೋಗಿ ಯುಪಿಎಸ್ಸೂ ಕೈಕೊಟ್ಟರೆ ಮತ್ತೆ ಒಂದು ಗಂಟೆ. ಎಸಿಯ ಗಾಳಿ ನೇರವಾಗಿ ಮಷಿನ್ ಮೇಲೆ ಬೀಳದಂತೆ ನೋಡಿಕೊಳ್ಳಿ.

ಗ್ಯಾಸ್ ವಿಷಯದಲ್ಲಿ ಉದಾಸೀನ ಬೇಡ. ಸ್ಯಾಂಪಲ್ಲನ್ನು ನೈಟ್ರೋಜನ್‌ನಲ್ಲಿ, ನಿಮಿಷಕ್ಕೆ 50 ಮಿಲಿಲೀಟರ್ ಹರಿವಿನಲ್ಲಿ ಓಡಿಸುತ್ತೀರಾದರೆ ಇಂಡಿಯಮ್ಮನ್ನೂ ಹಾಗೇ ಓಡಿಸಬೇಕು. ಹೀಲಿಯಮ್ ಶಾಖವನ್ನು ನೈಟ್ರೋಜನ್‌ಗಿಂತ ಎಷ್ಟೋ ಬೇಗ ಸಾಗಿಸುತ್ತದೆ. ಗ್ಯಾಸ್ ಬದಲಾದರೆ ಹಳೆಯ ಗುಣಕ ಕೆಲಸಕ್ಕೆ ಬಾರದು. ಪ್ಯಾನ್ ಮತ್ತು ಬಿಸಿ ಮಾಡುವ ವೇಗಕ್ಕೂ ಇದೇ ಮಾತು. ಸ್ಯಾಂಪಲ್‌ಗೆ ಯಾವ ಪ್ಯಾನ್, ಯಾವ ವೇಗವೋ ಕ್ಯಾಲಿಬ್ರೇಶನ್‌ಗೂ ಅದೇ.

ಮೊದಲು ಬೇಸ್‌ಲೈನ್ ರನ್, ಆಮೇಲೆ ಇಂಡಿಯಮ್. ಸೆಲ್ ಖಾಲಿ ಬಿಡಬೇಕೋ ಖಾಲಿ ಪ್ಯಾನ್ ಇಡಬೇಕೋ ಅನ್ನುವುದು ಮಷಿನ್ ಮೇಲೆ ಹೋಗುತ್ತದೆ, ಮ್ಯಾನ್ಯುಯಲ್ ಹೇಳಿದಂತೆ ಮಾಡಿ. ಬೇಸ್‌ಲೈನೇ ಓರೆಯಾಗಿದ್ದರೆ ಅದರ ಮೇಲೆ ಏರಿಯಾ ಲೆಕ್ಕ ಹಾಕಿ ಏನು ಪ್ರಯೋಜನ, ಅಲ್ವಾ?

ಇಂಡಿಯಮ್ ತಯಾರಿ ಮತ್ತು ತೂಕ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿ.

99.999 ಪರ್ಸೆಂಟ್ ಶುದ್ಧತೆಯ ಇಂಡಿಯಮ್ ಬೇಕು. ಮೆತ್ತನೆಯ ಲೋಹ, ಹೊಸ ಬ್ಲೇಡಿನಿಂದ ಸಲೀಸಾಗಿ ಕತ್ತರಿಸಬಹುದು. ಕೈಯಿಂದ ಮುಟ್ಟಬೇಡಿ. ಬೆರಳಿನ ಜಿಡ್ಡು ತೂಕಕ್ಕೂ ಸೇರುತ್ತದೆ, ಬಿಸಿಯಾದಾಗ ಪೀಕಿನ ಕಾಲನ್ನೂ ಕೆಡಿಸುತ್ತದೆ. ಕತ್ತರಿಸಿದ ಮೈ ಬೆಳ್ಳಗೆ ಹೊಳೆಯಬೇಕು. ಮಂಕಾಗಿದ್ದರೆ ಆ ಪದರ ತೆಗೆದು ಒಳಗಿನದ್ದು ತೆಗೆದುಕೊಳ್ಳಿ. ತುಂಡನ್ನು ಎರಡು ಸ್ವಚ್ಛ ಗಾಜಿನ ಸ್ಲೈಡ್‌ಗಳ ನಡುವೆ ಇಟ್ಟು ಹೆಬ್ಬೆರಳಿನಿಂದ ಒತ್ತಿದರೆ ಬಿಲ್ಲೆಯಂತೆ ಚಪ್ಪಟೆಯಾಗುತ್ತದೆ. ಹೀಗೆ ಮಾಡಿದರೆ ಪ್ಯಾನಿನ ತಳಕ್ಕೆ ಪೂರ್ತಿ ಅಂಟಿ ಕೂರುತ್ತದೆ.

ಐದರಿಂದ ಹತ್ತು ಮಿಲಿಗ್ರಾಂ ಸಾಕು. ಈಗ ತೂಕದ ಲೆಕ್ಕ ನೋಡಿ. ಐದು ಮಿಲಿಗ್ರಾಂ ತುಂಡಿನಲ್ಲಿ 0.1 ಮಿಲಿಗ್ರಾಂ ತಪ್ಪಿದರೆ ಶಾಖದಲ್ಲಿ 2 ಪರ್ಸೆಂಟ್ ಹೋಯಿತು. ನಾಲ್ಕು ದಶಮಾಂಶದ ಸಾಮಾನ್ಯ ಬ್ಯಾಲೆನ್ಸ್ ತೋರಿಸುವ ಕೊನೆಯ ಅಂಕಿಯೇ 0.1 ಮಿಲಿಗ್ರಾಂ! ಅದರಲ್ಲಿ ತೂಗಿ, 28.62ರ ಎರಡನೇ ದಶಮಾಂಶದ ಬಗ್ಗೆ ಚರ್ಚೆ ಮಾಡುವುದರಲ್ಲಿ ಅರ್ಥವಿಲ್ಲ. ಕಡೇಪಕ್ಷ 0.01 ಮಿಲಿಗ್ರಾಂ ತೋರಿಸುವ ಬ್ಯಾಲೆನ್ಸ್ ಬೇಕು. ನಿಮ್ಮ ವಿಭಾಗದಲ್ಲಿ ಇಲ್ಲದಿದ್ದರೆ ಇರುವ ವಿಭಾಗಕ್ಕೆ ಪ್ಯಾನ್ ತಗೊಂಡು ಹೋಗಿ. ಖಾಲಿ ಪ್ಯಾನ್ ಮತ್ತು ಲಿಡ್ ತೂಕ, ಇಂಡಿಯಮ್ ಹಾಕಿದ ಮೇಲಿನ ತೂಕ, ಎರಡನ್ನೂ ಮೂರು ಮೂರು ಸಲ ನೋಡಿ ಸರಾಸರಿ ತೆಗೆಯಿರಿ. ಫ್ಯಾನ್ ಆಫ್ ಮಾಡಿ, ಬ್ಯಾಲೆನ್ಸಿನ ಗಾಜಿನ ಬಾಗಿಲು ಮುಚ್ಚಿ, ಅಂಕಿ ನಿಂತ ಮೇಲೆ ಬರೆದುಕೊಳ್ಳಿ.

ಲಿಡ್ ಹಾಕಿ ಕ್ರಿಂಪರ್‌ನಲ್ಲಿ ಒತ್ತಿದ ಮೇಲೆ ಪ್ಯಾನನ್ನು ಗಾಜಿನ ಸ್ಲೈಡ್ ಮೇಲಿಟ್ಟು ಚಿಮುಟದಿಂದ ಅಂಚನ್ನು ಮೆಲ್ಲಗೆ ತಟ್ಟಿ ನೋಡಿ. ಅಲುಗಾಡಿದರೆ ತಳ ಉಬ್ಬಿದೆ ಅಂತ ಅರ್ಥ. ಆ ಪ್ಯಾನ್ ಬಿಸಾಕಿ. ತಳ ಉಬ್ಬಿದ ಪ್ಯಾನ್‌ಗೆ ಸೆನ್ಸರ್‌ನಿಂದ ಶಾಖ ಸರಿಯಾಗಿ ದಾಟುವುದಿಲ್ಲ. ಪೀಕ್ ಅಗಲವಾಗುತ್ತದೆ, ಹಿಂದೆ ಬೀಳುತ್ತದೆ. ಇಷ್ಟು ಸಣ್ಣ ಪರೀಕ್ಷೆಯಿಂದ ಉಳಿಯುವ ತಲೆನೋವು ದೊಡ್ಡದು.

ರನ್ ಕೊಡುವುದು

ಪ್ಯಾನನ್ನು ಕಟ್ಟೆಯ ನಟ್ಟನಡುವೆ ಇಡಿ. ಮೊದಲು 180 ಡಿಗ್ರಿವರೆಗೆ ಬಿಸಿ ಮಾಡಿ, 100 ಡಿಗ್ರಿಗೆ ತಣ್ಣಗಾಗಿಸಿ, ಐದು ನಿಮಿಷ ಬಿಟ್ಟು, ಮತ್ತೆ ನಿಮಿಷಕ್ಕೆ 10 ಡಿಗ್ರಿಯಂತೆ 180ಕ್ಕೆ ಏರಿಸಿ. ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಈ ಎರಡನೇ ಬಿಸಿ. ಮೊದಲ ಸಲ ಲೋಹದ ತುಂಡು ತಳಕ್ಕೆ ಅಲ್ಲಲ್ಲಿ ಮಾತ್ರ ತಾಗಿರುತ್ತದೆ. ಒಮ್ಮೆ ಕರಗಿ ಹರಡಿದ ಮೇಲೆ ಸರಿಯಾಗಿ ಕೂರುತ್ತದೆ. ಮೂರನೇ ಸಲವೂ ಓಡಿಸಿ ಎರಡನೆಯದಕ್ಕೆ ಹೋಲಿಸಿದರೆ ಇನ್ನೂ ಒಳ್ಳೆಯದು.

ತಣ್ಣಗಾಗುವಾಗ ಬರುವ ಪೀಕ್ 156.6ಕ್ಕಿಂತ ಕೆಳಗೆ ಶುರುವಾಗುತ್ತದೆ. ದ್ರವ ಇಂಡಿಯಮ್ ಕರಗುವ ಬಿಂದು ದಾಟಿ ಸ್ವಲ್ಪ ಕೆಳಗಿಳಿದ ಮೇಲೆ ಥಟ್ಟನೆ ಗಟ್ಟಿಯಾಗುತ್ತದೆ. ಹಾಗಾಗಿ ತಣ್ಣಗಾಗುವ ಕಡೆಯ ಉಷ್ಣತೆಯನ್ನು ಕ್ಯಾಲಿಬ್ರೇಶನ್‌ಗೆ ಬಳಸುವಂತಿಲ್ಲ. ಆದರೆ ಗಟ್ಟಿಯಾಗುವಾಗ ಹೊರಬಂದ ಶಾಖ, ಕರಗುವಾಗ ಹೀರಿದ ಶಾಖ, ಎರಡೂ ಹತ್ತಿರ ಹತ್ತಿರ ಸಮ ಇರಬೇಕು. ಇದು ಪುಕ್ಕಟೆ ಸಿಗುವ ತಾಳೆ. ಎರಡರ ನಡುವೆ ದೊಡ್ಡ ಅಂತರ ಇದ್ದರೆ ಬೇಸ್‌ಲೈನ್ ಕಡೆ ಕಣ್ಣು ಹಾಯಿಸಿ.

ಏರಿಯಾ ತೆಗೆಯುವುದು

ಪೀಕ್ ಶುರುವಾಗುವ ಮುಂಚಿನ ಸಮತಟ್ಟಾದ ಜಾಗದಲ್ಲಿ ಒಂದು ಗುರುತು, ಮುಗಿದ ಮೇಲಿನ ಸಮತಟ್ಟಾದ ಜಾಗದಲ್ಲಿ ಇನ್ನೊಂದು ಗುರುತು, ನಡುವೆ ನೇರ ಗೆರೆ. ಲೋಹಕ್ಕೆ ನೇರ ಗೆರೆ ಸಾಕು. ಗುರುತುಗಳನ್ನು ಪೀಕಿನ ಕಾಲಿಗೇ ಅಂಟಿಸಿದರೆ ಏರಿಯಾ ಕಡಿಮೆಯಾಗುತ್ತದೆ. ತೀರಾ ದೂರ ಇಟ್ಟರೆ ಬೇಸ್‌ಲೈನಿನ ಓರೆ ಸೇರಿಕೊಳ್ಳುತ್ತದೆ. ಎಲ್ಲಿಂದ ಎಲ್ಲಿಗೆ ಅಂತ ಒಮ್ಮೆ ತೀರ್ಮಾನಿಸಿ, ಪ್ರತಿ ಸಲ ಅಲ್ಲಿಂದಲೇ ತೆಗೆಯಿರಿ. ಬೇಕಾದ ಉತ್ತರ ಬರುವ ತನಕ ಗುರುತು ಜರುಗಿಸುವವರನ್ನೂ ನೋಡಿದ್ದೇನೆ. ಅದಕ್ಕಿಂತ ನೇರವಾಗಿ ಉತ್ತರವನ್ನೇ ಟೈಪ್ ಮಾಡಿದರೆ ಸಮಯವಾದರೂ ಉಳಿಯುತ್ತದೆ.

ಉಷ್ಣತೆಗೆ ಆನ್‌ಸೆಟ್ (ಪೀಕ್ ಶುರುವಾಗುವ ಬಿಂದು) ನೋಡಿ, ಶಾಖಕ್ಕೆ ಏರಿಯಾ ನೋಡಿ. ಪೀಕಿನ ತುದಿ ಎರಡಕ್ಕೂ ಬೇಡ. ತೂಕ ಹೆಚ್ಚಾದರೆ, ವೇಗ ಹೆಚ್ಚಾದರೆ ಅದು ಸರಿಯುತ್ತಲೇ ಇರುತ್ತದೆ.

ಇನ್ನೊಂದು ಎಚ್ಚರಿಕೆ. ಮಿಲಿವ್ಯಾಟನ್ನು ಸೆಕೆಂಡಿನಿಂದ ಗುಣಿಸಿದರೆ ಮಿಲಿಜೂಲ್. ಆದ್ದರಿಂದ ಅಡ್ಡ ಗೆರೆಯಲ್ಲಿ ಸಮಯ ಇದ್ದರೆ ಏರಿಯಾ ನೇರವಾಗಿ ಮಿಲಿಜೂಲ್‌ನಲ್ಲಿ ಬರುತ್ತದೆ. ಉಷ್ಣತೆ ಇದ್ದರೆ ಏರಿಯಾವನ್ನು ಬಿಸಿ ಮಾಡುವ ವೇಗದಿಂದ ಭಾಗಿಸಬೇಕು, ಅದೂ ಸೆಕೆಂಡಿನ ಲೆಕ್ಕದಲ್ಲಿ. ನಿಮಿಷಕ್ಕೆ 10 ಡಿಗ್ರಿ ಅಂದರೆ ಸೆಕೆಂಡಿಗೆ 0.1667 ಡಿಗ್ರಿ. ಸಾಫ್ಟ್‌ವೇರ್ ಇದನ್ನು ತಾನೇ ಮಾಡುತ್ತದೆ. ಡೇಟಾವನ್ನು ಎಕ್ಸೆಲ್‌ಗೆ ತಂದು ಲೆಕ್ಕ ಹಾಕುವವರು ಮಾತ್ರ ಇಲ್ಲಿ ಜಾರುತ್ತಾರೆ. ಉತ್ತರ 60 ಪಟ್ಟು ಹೆಚ್ಚುಕಡಿಮೆ ಬಂದರೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ.

ಗುಣಕದ ಲೆಕ್ಕ

ಇಂಡಿಯಮ್ ತೂಕ 6.24 ಮಿಲಿಗ್ರಾಂ, ಮಷಿನ್ ತೋರಿಸಿದ ಏರಿಯಾ 172.4 ಮಿಲಿಜೂಲ್ ಅಂತಿಟ್ಟುಕೊಳ್ಳಿ. ಭಾಗಿಸಿದರೆ ಗ್ರಾಂಗೆ 27.63 ಜೂಲ್. ಬರಬೇಕಾಗಿದ್ದು 28.62. ಬರಬೇಕಾದದ್ದನ್ನು ಬಂದದ್ದರಿಂದ ಭಾಗಿಸಿ: 1.036. ಇದೇ ತಿದ್ದುವ ಗುಣಕ. ಮಷಿನ್‌ನಲ್ಲಿ ಈಗಾಗಲೇ ಒಂದು ಸೆಲ್ ಕಾನ್‌ಸ್ಟಂಟ್ ಇದ್ದರೆ ಹಳೆಯದನ್ನು 1.036ರಿಂದ ಗುಣಿಸಿ ಹೊಸದನ್ನು ಹಾಕಬೇಕು. ಹಳೆಯದನ್ನು ಅಳಿಸಿ 1.036 ಅಂತ ಬರೆಯುವುದಲ್ಲ. ಕೆಲವು ಸಾಫ್ಟ್‌ವೇರ್‌ಗಳಲ್ಲಿ ಗುಣಕ ಉಲ್ಟಾ ಇರುತ್ತದೆ. ಹಾಕಿದ ಮೇಲೆ ಅದೇ ಇಂಡಿಯಮ್ ಮತ್ತೆ ಓಡಿಸಿ. 28.62ರ ಹತ್ತಿರ ಬಂದರೆ ಸರಿ, 26.7 ಕಡೆ ಇಳಿದರೆ ಉಲ್ಟಾ ಹಾಕಿದ್ದೀರಿ.

ಇದರಿಂದ ಏನು ವ್ಯತ್ಯಾಸವಾಗುತ್ತದೆ? ಹೊಳಲ್ಕೆರೆ, ಹೊಸದುರ್ಗದ ಅಡಿಕೆ ತೋಟಗಳಲ್ಲಿ ಹಾಕುವ ಕರಿ ಡ್ರಿಪ್ ಪೈಪಿನ ಚೂರು ಅಳೆದಿರಿ, 120 ಜೂಲ್ ಬಂತು ಅನ್ನಿ. ಪೂರ್ತಿ ಹರಳಾದ ಪಾಲಿಎಥಿಲೀನ್‌ಗೆ ಗ್ರಾಂಗೆ 293 ಜೂಲ್ ಅಂತ ಲೆಕ್ಕ. ಅಂದರೆ 41 ಪರ್ಸೆಂಟ್ ಹರಳು. ಗುಣಕ ಹಾಕಿದರೆ 124.3 ಜೂಲ್, 42.4 ಪರ್ಸೆಂಟ್. ಬಿಸಿಲಿಗೆ ಬಿದ್ದ ಪೈಪಿಗೂ ಹೊಸ ಪೈಪಿಗೂ ಎರಡು ಪರ್ಸೆಂಟ್ ವ್ಯತ್ಯಾಸ ಕಂಡೆ ಅಂತ ಬರೆಯುವವರು, ಆ ಎರಡರಲ್ಲಿ ಮುಕ್ಕಾಲು ಪಾಲು ಕ್ಯಾಲಿಬ್ರೇಶನ್ನೇ ತಿನ್ನಬಲ್ಲದು ಅನ್ನುವುದನ್ನು ನೆನಪಿಡಬೇಕು. ಕರಿ ಪೈಪಿನಲ್ಲಿ ಕಾರ್ಬನ್ ಪುಡಿಯೂ ಇರುತ್ತದೆ. ತೂಕಕ್ಕೆ ಬರುತ್ತದೆ, ಕರಗುವುದಿಲ್ಲ. ಅದನ್ನೂ ಕಳೆಯಬೇಕು.

ಒಂದೇ ಬಿಂದು ಸಾಕಾಗುತ್ತದೆಯೇ

ನಿಮ್ಮ ಸ್ಯಾಂಪಲ್ 100ರಿಂದ 200 ಡಿಗ್ರಿ ನಡುವೆ ಕರಗುವುದಾದರೆ ಇಂಡಿಯಮ್ ಒಂದೇ ಸಾಕು. ಪ್ಯಾರಸಿಟಮಾಲ್ 170 ಡಿಗ್ರಿಯ ಹತ್ತಿರ ಕರಗುತ್ತದೆ, ಫಾರ್ಮಸಿಯವರಿಗೆ ಅದಕ್ಕೆ ತೊಂದರೆಯಿಲ್ಲ. ಮೇಲಕ್ಕೆ ಹೋಗುವವರು ತವರವನ್ನೂ ಓಡಿಸಿ. ತವರದಿಂದ ಹೊಸ ಗುಣಕ ತೆಗೆಯಬೇಡಿ, ಇಂಡಿಯಮ್ ಗುಣಕ ಇಟ್ಟುಕೊಂಡೇ ತವರ ಎಷ್ಟು ತೋರಿಸುತ್ತದೆ ನೋಡಿ. 60.4ಕ್ಕೆ 1 ಪರ್ಸೆಂಟ್ ಒಳಗೆ ಬಂದರೆ ನೆಮ್ಮದಿ. 2 ಪರ್ಸೆಂಟ್ ದಾಟಿದರೆ ನಿಮ್ಮ ಮಷಿನ್‌ನ ಗುಣಕ ಉಷ್ಣತೆಯ ಜೊತೆ ಬದಲಾಗುತ್ತಿದೆ. ಆಗ ಒಂದೇ ಗುಣಕದಿಂದ ಸಾಗುವುದಿಲ್ಲ. ಸತುವನ್ನು ಅಲ್ಯೂಮಿನಿಯಮ್ ಪ್ಯಾನ್‌ನಲ್ಲಿ ಒಮ್ಮೆ ಓಡಿಸಿ ಬಿಸಾಕಿ. ಅದು ಪ್ಯಾನ್ ಜೊತೆ ಬೆರೆಯಲು ಶುರು ಮಾಡುತ್ತದೆ. ಇಂಡಿಯಮ್ ಪ್ಯಾನನ್ನು 180 ದಾಟಿಸದಿದ್ದರೆ ಬಹಳ ದಿನ ಬಳಸಬಹುದು. ಆಗಾಗ ತೂಗಿ ನೋಡುತ್ತಿರಿ.

ನಮ್ಮೂರಿಗೆ ಹೆಚ್ಚು ಹತ್ತಿರದ ಪ್ರಶ್ನೆ ಕೆಳಗಿನ ಕಡೆಯದು. ದಾವಣಗೆರೆಯಲ್ಲಿ ಡಿಎಸ್‌ಸಿ ಇದ್ದ ಮೇಲೆ ಇವತ್ತಲ್ಲ ನಾಳೆ ಯಾರಾದರೂ ಬೆಣ್ಣೆ ಹಾಕೇ ಹಾಕುತ್ತಾರೆ, ದೋಸೆ ಊರಲ್ಲವೇ! ಹಾಲಿನ ಕೊಬ್ಬು ಒಂದೇ ಬಿಂದುವಿನಲ್ಲಿ ಕರಗುವುದಿಲ್ಲ. ಸೊನ್ನೆಗಿಂತ ಎಷ್ಟೋ ಕೆಳಗಿನಿಂದ ಶುರುವಾಗಿ 40 ಡಿಗ್ರಿ ಹತ್ತಿರದವರೆಗೆ ಹರಡಿಕೊಂಡಿರುತ್ತದೆ. ಚಳ್ಳಕೆರೆಯ ಶೇಂಗಾ ಎಣ್ಣೆ ಗಟ್ಟಿಯಾಗುವುದನ್ನು ನೋಡಬೇಕಾದರೂ ಸೊನ್ನೆಯ ಸುತ್ತಲೇ ಕೆಲಸ. 156 ಡಿಗ್ರಿಯಲ್ಲಿ ತೆಗೆದ ಗುಣಕ ಅಲ್ಲಿ ಹೊಂದುತ್ತದೆ ಅಂತ ಸುಮ್ನೆ ನಂಬಬೇಡಿ. ಶುದ್ಧ ನೀರನ್ನು ಬಿಗಿಯಾಗಿ ಮುಚ್ಚುವ ಹರ್ಮೆಟಿಕ್ ಪ್ಯಾನ್‌ನಲ್ಲಿ ಹಾಕಿ. ಎರಡು ಮಿಲಿಗ್ರಾಂ ಸಾಕು, ಯಾಕೆಂದರೆ ನೀರಿನ ಶಾಖ ಇಂಡಿಯಮ್‌ನ ಹನ್ನೊಂದು ಪಟ್ಟಿಗೂ ಹೆಚ್ಚು. ಸಣ್ಣ ಹನಿ ಸೊನ್ನೆಯಲ್ಲಿ ಹೆಪ್ಪುಗಟ್ಟುವುದಿಲ್ಲ, ಮೈನಸ್ 40 ತನಕ ಇಳಿಸಿ ಆಮೇಲೆ ಬಿಸಿ ಮಾಡಿ. ರನ್ ಮುಗಿದ ಮೇಲೆ ಪ್ಯಾನ್ ತೂಗಿ. ತೂಕ ಇಳಿದಿದ್ದರೆ ಪ್ಯಾನ್ ಸೋರಿದೆ, ಆ ರನ್ ಬಿಟ್ಟುಬಿಡಿ. 29.76 ಡಿಗ್ರಿಯಲ್ಲಿ ಕರಗುವ ಗ್ಯಾಲಿಯಮ್ ಈ ಕೆಲಸಕ್ಕೆ ಹೇಳಿ ಮಾಡಿಸಿದಂತೆ ಕಾಣುತ್ತದೆ. ಆದರೆ ಅದು ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಪ್ಯಾನ್ ಹೋದರೆ ಹೋಗಲಿ, ಸೆನ್ಸರ್ ಮೇಲೆ ಸೋರಿದರೆ ಖರ್ಚು ದೊಡ್ಡದು. ಹೊಸಬರ ಕೈಗೆ ನಾನಂತೂ ಕೊಡುವುದಿಲ್ಲ.

ಬೆಣ್ಣೆಯಲ್ಲಿ ನೀರೂ ಇರುವುದರಿಂದ ಸೊನ್ನೆಯ ಹತ್ತಿರ ಮಂಜುಗಡ್ಡೆಯ ಪೀಕ್ ಕೊಬ್ಬಿನ ಮೇಲೆ ಏರಿ ಕೂರುತ್ತದೆ. ಕೊಬ್ಬಿನ ಶಾಖವಷ್ಟೇ ಬೇಕಾದರೆ ಕಾಯಿಸಿ, ಸೋಸಿ, ತುಪ್ಪ ಮಾಡಿ ಅಳೆಯಿರಿ.

ನೀಲಮಣಿಯ ದಾರಿ

ಕರಗುವ ಶಾಖ ಬೇಡ, ಉಷ್ಣ ಧಾರಣೆ (ಒಂದು ಗ್ರಾಂ ಒಂದು ಡಿಗ್ರಿ ಏರಲು ಬೇಕಾದ ಶಾಖ) ಬೇಕು ಅನ್ನುವವರಿಗೆ, ಅಥವಾ ಗುಣಕ ಉಷ್ಣತೆಯ ಜೊತೆ ಹೇಗೆ ಬದಲಾಗುತ್ತದೆ ಅಂತ ಉದ್ದಕ್ಕೂ ನೋಡಬೇಕಾದವರಿಗೆ ಕೃತಕ ನೀಲಮಣಿಯ ಬಿಲ್ಲೆ ಇದೆ. ಎಎಸ್‌ಟಿಎಂ ಅನ್ನುವ ಮಾನಕ ಸಂಸ್ಥೆಯ ಇ968 ಮಾನಕ ಹೇಳುವುದೂ ಇದೇ ದಾರಿ. ನೀಲಮಣಿ ಈ ವ್ಯಾಪ್ತಿಯಲ್ಲಿ ಕರಗುವುದಿಲ್ಲ, ಬದಲಾಗುವುದಿಲ್ಲ. ಅದರ ಉಷ್ಣ ಧಾರಣೆ ಎಲ್ಲ ಉಷ್ಣತೆಗೂ ಚೆನ್ನಾಗಿ ಗೊತ್ತು. ಖಾಲಿ ಪ್ಯಾನ್ ಒಂದು ರನ್, ಬಿಲ್ಲೆ ಹಾಕಿ ಇನ್ನೊಂದು ರನ್, ಮೊದಲಿನದ್ದನ್ನು ಕಳೆಯಿರಿ.

ಉದಾಹರಣೆಗೆ 127 ಡಿಗ್ರಿಯಲ್ಲಿ ನೀಲಮಣಿಯ ಉಷ್ಣ ಧಾರಣೆ ಗ್ರಾಂಗೆ, ಡಿಗ್ರಿಗೆ ಸುಮಾರು 0.943 ಜೂಲ್. 25 ಮಿಲಿಗ್ರಾಂ ಬಿಲ್ಲೆ, ನಿಮಿಷಕ್ಕೆ 20 ಡಿಗ್ರಿ ವೇಗ. ಮೂರನ್ನೂ ಗುಣಿಸಿದರೆ 7.86 ಮಿಲಿವ್ಯಾಟ್ ಬರಬೇಕು. ಮಷಿನ್ 7.60 ತೋರಿಸಿದರೆ ಗುಣಕ 1.034. ಇಂಡಿಯಮ್‌ನಿಂದ 1.036 ಬಂದಿದ್ದ ಮಷಿನ್‌ನಲ್ಲಿ ಇದು ಬಂದರೆ ಎರಡೂ ಕೈ ಸೇರಿದಂತೆ. ಇಲ್ಲಿ ಪ್ಯಾನ್‌ಗಳ ತೂಕ ಒಂದಕ್ಕೊಂದು ಹೊಂದಬೇಕು, ಪ್ಯಾನ್ ಇಟ್ಟ ಜಾಗವೂ ಅಲುಗಬಾರದು. ಇಂಡಿಯಮ್ ಪೀಕ್ ಕ್ಷಮಿಸುವ ತಪ್ಪನ್ನು ಈ ವಿಧಾನ ಕ್ಷಮಿಸುವುದಿಲ್ಲ.

ನೋಟ್‌ಬುಕ್

ಮಷಿನ್ ಪಕ್ಕದಲ್ಲಿ ಒಂದು ಪುಸ್ತಕ ಇಡಿ. ತಾರೀಖು, ಇಂಡಿಯಮ್ ತೂಕ, ಆನ್‌ಸೆಟ್, ಗ್ರಾಂಗೆ ಜೂಲ್, ಗ್ಯಾಸ್ ಹರಿವು, ಓಡಿಸಿದವರ ಸಹಿ. ವಾರಕ್ಕೊಮ್ಮೆ ಇಂಡಿಯಮ್ ಓಡಿಸಿ ಬರೆಯುವುದು ಒಳ್ಳೆಯ ರೂಢಿ. 1 ಪರ್ಸೆಂಟ್ ಒಳಗಿನ ಏರಿಳಿತಕ್ಕೆಲ್ಲ ಗುಣಕ ಬದಲಿಸಬೇಡಿ. ಒಂದೇ ವಾರದಲ್ಲಿ 4 ಪರ್ಸೆಂಟ್ ಜಿಗಿದರೆ ಹೊಸ ಗುಣಕ ಹಾಕಿ ಮುಚ್ಚಿಬಿಡುವುದೂ ಬೇಡ. ಸೆನ್ಸರ್ ಮೇಲೆ ಯಾರದೋ ಸ್ಯಾಂಪಲ್ ಉಕ್ಕಿದೆಯಾ, ಸಿಲಿಂಡರ್ ಖಾಲಿಯಾಗುತ್ತಿದೆಯಾ, ಪ್ಯಾನ್ ಬೇರೆ ಡಬ್ಬಿಯದಾ, ಮೊದಲು ಹುಡುಕಿ. ಫರ್ನೇಸ್ ಕ್ಲೀನ್ ಮಾಡಿದ ಮೇಲೆ, ಸೆನ್ಸರ್ ಬದಲಿಸಿದ ಮೇಲೆ, ಪ್ಯಾನ್ ಅಥವಾ ಗ್ಯಾಸ್ ಬದಲಾದ ಮೇಲೆ ಮಾತ್ರ ಮೊದಲಿನಿಂದ ಪೂರ್ತಿ ಮಾಡಿ.

ಮಷಿನ್ ಇಲ್ಲದೆ ಬೆಂಗಳೂರಿಗೋ ಧಾರವಾಡಕ್ಕೋ ಸ್ಯಾಂಪಲ್ ಕಳಿಸುವವರೂ ನಮ್ಮಲ್ಲಿ ಇದ್ದಾರೆ. ಫೀಸ್ ಕಟ್ಟುವಾಗಲೇ ಒಂದು ಮಾತು ಕೇಳಿ: ಆ ವಾರ ಓಡಿಸಿದ ಇಂಡಿಯಮ್ ಫೈಲನ್ನೂ ನನ್ನ ಡೇಟಾ ಜೊತೆ ಕಳಿಸುತ್ತೀರಾ? ಚಿತ್ರ ಬೇಡ, ಅಂಕಿಗಳ ಫೈಲೇ ಬೇಕು. ಜೊತೆಗೆ ಅವರು ತೂಗಿದ ತೂಕ, ಪ್ಯಾನ್ ಬಗೆ, ವೇಗ, ಗ್ಯಾಸ್. ಫೈಲ್ ಬಂದರೆ ಏರಿಯಾ ನೀವೇ ತೆಗೆದು, ಬೇಕಾದರೆ ಗುಣಕವನ್ನು ನೀವೇ ಹಾಕಿಕೊಳ್ಳಬಹುದು. ಪ್ರಬಂಧದ ವಿಧಾನದ ಭಾಗದಲ್ಲಿ ಇಂಡಿಯಮ್ ತೂಕ ಮತ್ತು ಸಿಕ್ಕ ಜೂಲ್ ಎರಡನ್ನೂ ಬರೆಯಿರಿ. "ಮಷಿನ್ ಕ್ಯಾಲಿಬ್ರೇಟ್ ಆಗಿತ್ತು" ಅನ್ನುವ ಒಂದು ಸಾಲಿನಿಂದ ಓದುವವರು ಏನನ್ನೂ ತಾಳೆ ನೋಡಲಾರರು.